ಹೆಚ್ಚು ಓಡಿದ ಹಳೆಯ ವಾಹನ: ದುರಸ್ತಿ ಮಾಡಿಸುವುದೋ, ಬದಲಿಸುವುದೋ?

(ಎಂ.ಕೆ. ಹುಬ್ಬಳ್ಳಿ ಹಾಗೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ವಾಹನ ಮಾಲೀಕರ ಮಾಹಿತಿಗಾಗಿ)

ಎಂ.ಕೆ. ಹುಬ್ಬಳ್ಳಿ ಪಟ್ಟಣವು ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಬೆಳಗಾವಿ ಮತ್ತು ಧಾರವಾಡಗಳ ನಡುವೆ, ಮಲಪ್ರಭಾ ನದಿಯ ದಡದಲ್ಲಿದೆ. ಇಲ್ಲಿ ಶ್ರೀ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ಇರುವುದರಿಂದ ಕಬ್ಬಿನ ಹಂಗಾಮಿನಲ್ಲಿ ಸುತ್ತಲಿನ ಗ್ರಾಮಗಳ ಟ್ರ್ಯಾಕ್ಟರುಗಳು ಹಗಲಿರುಳು ಸಂಚರಿಸುತ್ತವೆ. ಹೆದ್ದಾರಿಯಲ್ಲಿಯೇ ಓಡುವ ಕಾರು, ಹಳ್ಳಿಯಿಂದ ಹಳ್ಳಿಗೆ ಜನರನ್ನು ಸಾಗಿಸುವ ಟಂಟಂ ಹಾಗೂ ಕ್ರೂಸರ್, ಎರೆಹೊಲದ ದಾರಿಯಲ್ಲಿ ಕಬ್ಬು ಎಳೆಯುವ ಟ್ರ್ಯಾಕ್ಟರ್ ಇವೆಲ್ಲವೂ ಹಳೆಯದಾಗುತ್ತವೆ. ಆದರೆ ಒಂದೇ ರೀತಿಯಲ್ಲಿ ಅಲ್ಲ. ಹೆದ್ದಾರಿಯಲ್ಲಿ ಸಮವೇಗದಿಂದ 2 ಲಕ್ಷ ಕಿ.ಮೀ. ಓಡಿದ ಕಾರಿನ ಎಂಜಿನ್, ಕಚ್ಚಾ ರಸ್ತೆಯಲ್ಲಿ ಮೊದಲನೆಯ ಮತ್ತು ಎರಡನೆಯ ಗೇರಿನಲ್ಲಿಯೇ 1 ಲಕ್ಷ ಕಿ.ಮೀ. ಎಳೆದ ವಾಹನದ ಎಂಜಿನ್‌ಗಿಂತ ಉತ್ತಮ ಸ್ಥಿತಿಯಲ್ಲಿರುವುದು ಅಪರೂಪವಲ್ಲ. ಮೀಟರಿನ ಅಂಕಿಯೊಂದನ್ನೇ ನೋಡಿ ತೀರ್ಮಾನಿಸುವುದು ಆದ್ದರಿಂದ ಸರಿಯಲ್ಲ. ಅನೇಕ ಹಳೆಯ ವಾಹನಗಳ ಮೀಟರು ಐದೇ ಅಂಕಿಗಳದ್ದಾಗಿದ್ದು, 99,999ರ ನಂತರ ಪುನಃ ಸೊನ್ನೆಯಿಂದ ಆರಂಭವಾಗುತ್ತದೆ ಎಂಬುದನ್ನೂ ಗಮನಿಸತಕ್ಕದ್ದು.

ಹಳೆಯ ವಾಹನವನ್ನು ದುರಸ್ತಿ ಮಾಡಿಸಬೇಕೆ ಅಥವಾ ಬದಲಿಸಬೇಕೆ ಎಂಬ ಪ್ರಶ್ನೆ ಬಹುಪಾಲು ಮಾಲೀಕರಿಗೆ ಎರಡು ಸಂದರ್ಭಗಳಲ್ಲಿ ಎದುರಾಗುತ್ತದೆ: ಗ್ಯಾರೇಜಿನವರು ದೊಡ್ಡ ಮೊತ್ತದ ಅಂದಾಜು ಕೊಟ್ಟಾಗ, ಮತ್ತು ನೋಂದಣಿಯ ಅವಧಿ ಮುಗಿಯುವ ಹಂತಕ್ಕೆ ಬಂದಾಗ. ಇವೆರಡೂ ಒಟ್ಟಿಗೆ ಬಂದಾಗ ಮಾಲೀಕರು ಸಾಮಾನ್ಯವಾಗಿ ಮೊದಲು ಎಂಜಿನ್ ಬಿಚ್ಚಿಸುತ್ತಾರೆ, ನಂತರ ಬಾಡಿ ಕೆಲಸ ಮಾಡಿಸುತ್ತಾರೆ, ಎಲ್ಲ ಹಣ ವೆಚ್ಚವಾದ ಮೇಲೆ ಕಾಗದಪತ್ರ ಹಿಡಿದು ಕಚೇರಿಗೆ ಬರುತ್ತಾರೆ. ಇದು ತಲೆಕೆಳಗಾದ ಕ್ರಮ. ದಾಖಲೆ ಸರಿಪಡಿಸಲು ಸಾಧ್ಯವೇ ಎಂಬುದನ್ನು ಮೊದಲು, ಚಾಸಿ ಗಟ್ಟಿಯಿದೆಯೇ ಎಂಬುದನ್ನು ನಂತರ, ಎಂಜಿನ್ ವಿಷಯವನ್ನು ಕೊನೆಯಲ್ಲಿ ನೋಡಿದರೆ ವ್ಯರ್ಥ ವೆಚ್ಚ ತಪ್ಪುತ್ತದೆ.

15 ವರ್ಷಗಳ ಅವಧಿಯ ಅರ್ಥ

ವಾಹನಕ್ಕೆ 15 ವರ್ಷ ತುಂಬಿದರೆ ಅದನ್ನು ಕಡ್ಡಾಯವಾಗಿ ಗುಜರಿಗೆ ಹಾಕಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಈ ನಂಬಿಕೆಯಿಂದ ಸುಸ್ಥಿತಿಯಲ್ಲಿರುವ ವಾಹನವನ್ನು ಸಿಕ್ಕ ಬೆಲೆಗೆ ಕೊಟ್ಟುಬಿಡುವ ಮಾಲೀಕರಿಗೆ ಆಗುವ ನಷ್ಟ ಸಣ್ಣದಲ್ಲ.

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41ರ ಪ್ರಕಾರ ಸ್ವಂತ ಬಳಕೆಯ, ಅಂದರೆ ಸಾರಿಗೇತರ, ವಾಹನದ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಅವಧಿ ಮುಗಿದ ಮೇಲೆ ವಾಹನವನ್ನು ಪರಿಶೀಲಿಸಿ ಒಂದು ಬಾರಿಗೆ 5 ವರ್ಷಗಳಂತೆ ನವೀಕರಿಸಲು ಅದೇ ಕಲಮಿನಲ್ಲಿ ಅವಕಾಶವಿದೆ. ದೆಹಲಿ ರಾಜಧಾನಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಕುರಿತು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಮತ್ತು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ನೀಡಿದ ಆದೇಶಗಳು ಆ ಪ್ರದೇಶಕ್ಕೆ ಸಂಬಂಧಿಸಿದವು. ಬೆಳಗಾವಿ ಜಿಲ್ಲೆಗೆ ಅನ್ವಯಿಸುವುದಿಲ್ಲ. 15 ವರ್ಷ ಮೀರಿದರೆ ನವೀಕರಣವೇ ಇಲ್ಲ ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು ಸರ್ಕಾರಿ ಇಲಾಖೆಗಳು, ಸ್ಥಳೀಯ ಸಂಸ್ಥೆಗಳು ಮತ್ತು ಸಾರಿಗೆ ನಿಗಮಗಳ ವಾಹನಗಳಿಗೆ. ಖಾಸಗಿ ಮಾಲೀಕರ ವಾಹನಗಳಿಗೆ ಅದು ತಾಗುವುದಿಲ್ಲ.

ಹಾಗೆಂದು ಹಳೆಯ ವಾಹನ ಇಟ್ಟುಕೊಳ್ಳುವುದು ಹಿಂದಿನಷ್ಟು ಅಗ್ಗವಾಗಿಯೂ ಉಳಿದಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರಗಳಂತೆ 15 ವರ್ಷ ಮೀರಿದ ವಾಹನದ ನೋಂದಣಿ ನವೀಕರಣಕ್ಕೆ ಮೋಟಾರ್ ಸೈಕಲ್ಲಿಗೆ 1,000 ರೂ., ತ್ರಿಚಕ್ರ ವಾಹನಕ್ಕೆ 2,500 ರೂ., ಕಾರು ಮೊದಲಾದ ಲಘು ವಾಹನಕ್ಕೆ 5,000 ರೂ. ನಿಗದಿಯಾಯಿತು. 2025ರ ಆಗಸ್ಟ್‌ನ ತಿದ್ದುಪಡಿಯಲ್ಲಿ 20 ವರ್ಷ ಮೀರಿದ ವಾಹನಗಳನ್ನು ಪ್ರತ್ಯೇಕಿಸಿ ಈ ದರಗಳನ್ನು ಕ್ರಮವಾಗಿ 2,000, 5,000 ಮತ್ತು 10,000 ರೂಪಾಯಿಗಳಿಗೆ ಏರಿಸಲಾಯಿತು. ಇದಲ್ಲದೆ ರಾಜ್ಯದ ಹಸಿರು ತೆರಿಗೆ ಇರುತ್ತದೆ. ಅವಧಿ ಮೀರಿ ಅರ್ಜಿ ಸಲ್ಲಿಸಿದರೆ ವಿಳಂಬದ ಪ್ರತಿ ತಿಂಗಳಿಗೆ ಮೋಟಾರ್ ಸೈಕಲ್ಲಿಗೆ 300 ರೂ. ಮತ್ತು ಇತರ ಸಾರಿಗೇತರ ವಾಹನಗಳಿಗೆ 500 ರೂ. ಹೆಚ್ಚುವರಿ ಶುಲ್ಕವನ್ನು 2021ರ ಅಧಿಸೂಚನೆ ವಿಧಿಸಿದೆ. ಹೊಲದ ಮನೆಯಲ್ಲಿ ಎರಡು ವರ್ಷ ನಿಂತ ಕಾರಿಗೆ ಈ ಲೆಕ್ಕದಲ್ಲಿ 12,000 ರೂಪಾಯಿ ವಿಳಂಬ ಶುಲ್ಕವೇ ಆಗುತ್ತದೆ. "ಆಮೇಲೆ ನೋಡೋಣ" ಎಂದು ಮುಂದೂಡುವುದೂ ಒಂದು ವೆಚ್ಚದ ತೀರ್ಮಾನವೇ ಆಗಿದೆ.

ಟಂಟಂ, ಮ್ಯಾಕ್ಸಿಕ್ಯಾಬ್, ಲಾರಿ ಮುಂತಾದ ಸಾರಿಗೆ ವಾಹನಗಳ ವಿಷಯ ಬೇರೆ. ಅವುಗಳಿಗೆ ಅರ್ಹತಾ ಪತ್ರವೇ (ಎಫ್.ಸಿ.) ಮುಖ್ಯ. ವಾಹನಕ್ಕೆ 8 ವರ್ಷ ತುಂಬುವವರೆಗೆ ಎರಡು ವರ್ಷಗಳಿಗೊಮ್ಮೆ, ಆ ನಂತರ ಪ್ರತಿ ವರ್ಷ ಇದನ್ನು ನವೀಕರಿಸತಕ್ಕದ್ದು. ಅರ್ಹತಾ ಪರೀಕ್ಷೆಯ ಶುಲ್ಕವನ್ನು 2025ರ ನವೆಂಬರ್‌ನಲ್ಲಿ ವಾಹನದ ವಯಸ್ಸಿಗೆ ಅನುಸಾರವಾಗಿ 10, 15 ಮತ್ತು 20 ವರ್ಷಗಳ ಹಂತಗಳಲ್ಲಿ ಏರಿಸಲಾಗಿದ್ದು, 20 ವರ್ಷ ಮೀರಿದ ಭಾರಿ ಸರಕು ವಾಹನಕ್ಕೆ ಅದು 25,000 ರೂಪಾಯಿಗಳಷ್ಟಾಯಿತು. ವರ್ಷಕ್ಕೊಮ್ಮೆ ಕಟ್ಟಬೇಕಾದ ಈ ಮೊತ್ತವನ್ನು ಲಾರಿ ಮಾಲೀಕರು ದುರಸ್ತಿಯ ಅಂದಾಜಿನೊಂದಿಗೆ ಕೂಡಿಸಿಯೇ ನೋಡಬೇಕು. ಶುಲ್ಕಗಳು ಪರಿಷ್ಕರಣೆಗೆ ಒಳಪಡುವುದರಿಂದ ಹಣ ಪಾವತಿಸುವ ದಿನ ಪರಿವಾಹನ್ ಜಾಲತಾಣವು ತೋರಿಸುವ ಮೊತ್ತವೇ ಅಂತಿಮ.

ಮೊದಲು ದಾಖಲೆ

ಒಂದು ರೂಪಾಯಿಯ ದುರಸ್ತಿ ಮಾಡಿಸುವ ಮುನ್ನ ನೋಂದಣಿ ಪ್ರಮಾಣಪತ್ರವನ್ನು (ಆರ್.ಸಿ.) ಕೈಯಲ್ಲಿ ಹಿಡಿದು ವಾಹನದ ಮೇಲೆ ಕೆತ್ತಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳೊಂದಿಗೆ ಹೋಲಿಸತಕ್ಕದ್ದು. ಪುಸ್ತಕ ರೂಪದ ಹಳೆಯ ಆರ್.ಸಿ. ಇರುವವರು ತಮ್ಮ ವಾಹನದ ವಿವರಗಳು ವಾಹನ್ ತಂತ್ರಾಂಶದಲ್ಲಿ ದಾಖಲಾಗಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ಮೊದಲು ಆ ಕೆಲಸವಾಗಬೇಕು. ಅದಿಲ್ಲದೆ ನವೀಕರಣದ ಅರ್ಜಿ ಮುಂದಕ್ಕೆ ಸಾಗುವುದಿಲ್ಲ.

ಈ ಭಾಗದಲ್ಲಿ ಹೆಚ್ಚಾಗಿ ಕಂಡುಬರುವ ತೊಡಕುಗಳು ಮೂರು. ಮೊದಲನೆಯದು, ವಾಹನ ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಉಳಿದಿರುವುದು. ಮಾಲೀಕರು ಮರಣ ಹೊಂದಿದ 30 ದಿನಗಳೊಳಗೆ ವಾರಸುದಾರರು ಕಚೇರಿಗೆ ತಿಳಿಸಿ, 3 ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮವಿದೆ. ಹಲವು ಕುಟುಂಬಗಳಲ್ಲಿ ವರ್ಷಗಳು ಕಳೆದಿರುತ್ತವೆ. ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಕೂಡಿಸುವುದು ಎಂಜಿನ್ ಕೆಲಸಕ್ಕಿಂತ ಕಷ್ಟವೆನಿಸುವ ಸಂದರ್ಭಗಳೂ ಇವೆ. ಎರಡನೆಯದು, ಸಹಕಾರಿ ಸಂಘ ಅಥವಾ ಬ್ಯಾಂಕಿನ ಸಾಲ ತೀರಿದ್ದರೂ ಆರ್.ಸಿ.ಯಲ್ಲಿ ಸಾಲದ ಕರಾರಿನ ನಮೂದು (ಹೈಪಾಥಿಕೇಶನ್) ಹಾಗೆಯೇ ಇರುವುದು. ಸಾಲ ಕೊಟ್ಟ ಸಂಸ್ಥೆಯ ಸಹಿ ಮತ್ತು ಮೊಹರಿನೊಂದಿಗೆ ನಮೂನೆ 35 ಸಲ್ಲಿಸದೆ ಈ ನಮೂದು ತೆಗೆಯಲಾಗುವುದಿಲ್ಲ; ಅದನ್ನು ತೆಗೆಯದೆ ವಾಹನವನ್ನು ಮಾರುವುದೂ, ಗುಜರಿಗೆ ಕೊಡುವುದೂ ಸುಲಭವಲ್ಲ. ಮೂರನೆಯದು, ಹಿಂದೆ ಎಂದೋ ಬೇರೆ ಎಂಜಿನ್ ಕೂಡಿಸಿ ಅದನ್ನು ಆರ್.ಸಿ.ಯಲ್ಲಿ ನಮೂದಿಸದೆ ಬಿಟ್ಟಿರುವುದು. ಇದರ ವಿವರ ಮುಂದೆ ಇದೆ.

ಬಾಕಿ ಇರುವ ದಂಡದ ಚಲನ್‌ಗಳನ್ನೂ ಇದೇ ಹಂತದಲ್ಲಿ ನೋಡಿಕೊಳ್ಳಬೇಕು. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಅಳವಡಿಸುವಂತೆ ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಅದರ ವೆಚ್ಚ ಅಲ್ಪವಾದರೂ ಮಾಡಿಸದೆ ಉಳಿದರೆ ಕೆಲಸ ನಿಲ್ಲುತ್ತದೆ.

ನಂತರ ಚಾಸಿ ಮತ್ತು ಬಾಡಿ

ಎಂಜಿನ್, ಗೇರ್‌ಬಾಕ್ಸ್, ಕ್ಲಚ್, ಸಸ್ಪೆನ್ಷನ್ ಇವೆಲ್ಲವನ್ನೂ ಬದಲಿಸಬಹುದು. ಚಾಸಿಯನ್ನು ಬದಲಿಸುವುದು ಪ್ರಾಯೋಗಿಕವಲ್ಲ. ಜೀಪು, ಕ್ರೂಸರ್, ಲಾರಿಗಳಲ್ಲಿ ಬಾಡಿಯ ಕೆಳಗೆ ಪ್ರತ್ಯೇಕ ಚಾಸಿ ಇರುತ್ತದೆ. ಬಾಡಿ ತುಕ್ಕು ಹಿಡಿದರೂ ಚಾಸಿ ಗಟ್ಟಿಯಿದ್ದರೆ ಬಾಡಿ ಕಟ್ಟಿಸಬಹುದು. ಕಾರುಗಳಲ್ಲಿ ಬಾಡಿಯೇ ಚಾಸಿ. ಅದರ ಕೆಳಭಾಗದ ಉದ್ದನೆಯ ತೊಲೆಗಳು, ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಬೋಲ್ಟು ಕೂಡುವ ಸ್ಥಳಗಳು ತುಕ್ಕಿನಿಂದ ತೆಳುವಾಗಿದ್ದರೆ ಮೇಲೆ ಎಷ್ಟು ಪೇಂಟು ಹೊಡೆಸಿದರೂ ಅಪಘಾತದಲ್ಲಿ ಒಳಗಿರುವವರಿಗೆ ರಕ್ಷಣೆ ಸಿಗದು. ವಾಹನವನ್ನು ರ‍್ಯಾಂಪಿನ ಮೇಲೆ ಹತ್ತಿಸಿ ಈ ಜಾಗಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ತಗಡಿನ ಶಬ್ದಕ್ಕೂ ಟೊಳ್ಳು ಶಬ್ದಕ್ಕೂ ವ್ಯತ್ಯಾಸ ತಿಳಿಯುತ್ತದೆ. ತಗಡಿಗೆ ತಗಡು ಬೆಸುಗೆ ಹಾಕಿ ಮುಚ್ಚಿದ ತೇಪೆಗಳು ಕಂಡರೆ ಹಿಂದಿನ ಮಾಲೀಕರು ಈ ಪ್ರಶ್ನೆಯನ್ನು ಒಮ್ಮೆ ಎದುರಿಸಿ ಮುಂದೂಡಿದ್ದಾರೆಂದೇ ತಿಳಿಯಬೇಕು.

ನದಿ ದಡದ ಗ್ರಾಮಗಳ ವಾಹನಗಳಲ್ಲಿ ಇನ್ನೊಂದು ಅಂಶವಿದೆ. 2019ರ ಆಗಸ್ಟ್‌ನ ಮಲಪ್ರಭಾ ಪ್ರವಾಹದಲ್ಲಿ ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಅನೇಕ ಊರುಗಳಿಗೆ ನೀರು ನುಗ್ಗಿತು. ನೀರಿನಲ್ಲಿ ನಿಂತ ವಾಹನದ ಟೊಳ್ಳು ತೊಲೆಗಳೊಳಗೆ ಕೆಸರು ಸೇರಿ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಇದು ಹೊರಗೆ ಕಾಣಿಸಿಕೊಳ್ಳಲು ವರ್ಷಗಳು ಬೇಕು. ವಿದ್ಯುತ್ ತಂತಿಗಳ ಜೋಡಣೆಗಳಲ್ಲಿ ಹಸಿರು ಕಿಲುಬು, ಸೀಟಿನ ಹಳಿಗಳಲ್ಲಿ ತುಕ್ಕು, ನೆಲಹಾಸಿನ ಕೆಳಗೆ ಒಣಗಿದ ಮಣ್ಣು ಇವು ಅದರ ಗುರುತುಗಳು. ಇಂತಹ ವಾಹನಕ್ಕೆ ಎಂಜಿನ್ ಕೆಲಸ ಮಾಡಿಸುವುದು ಬಹುಮಟ್ಟಿಗೆ ಹಣ ನೀರಿಗೆ ಹಾಕಿದಂತೆ.

ಚಾಸಿ ಪರೀಕ್ಷೆಯಲ್ಲಿ ವಾಹನ ನಿಲ್ಲದಿದ್ದರೆ ಮುಂದಿನ ಲೆಕ್ಕಗಳ ಅಗತ್ಯವೇ ಇಲ್ಲ, ಬದಲಾವಣೆಯೇ ಸರಿ.

ಕೊನೆಗೆ ಎಂಜಿನ್

ಎಂಜಿನ್ ಹೋಗಿದೆ ಎಂಬ ಗ್ಯಾರೇಜಿನ ಮಾತನ್ನು ಅಳತೆಯಿಲ್ಲದೆ ಒಪ್ಪಬಾರದು. ಕಂಪ್ರೆಷನ್ ಪರೀಕ್ಷೆಗೆ ಅರ್ಧ ಗಂಟೆ ಸಾಕು, ವೆಚ್ಚವೂ ಅಲ್ಪ. ಎಲ್ಲ ಸಿಲಿಂಡರುಗಳ ಅಂಕಿ ಒಂದಕ್ಕೊಂದು ಹತ್ತಿರವಿದ್ದು ತಯಾರಕರು ಹೇಳಿದ ಮಿತಿಯೊಳಗಿದ್ದರೆ ಎಂಜಿನ್‌ನ ಒಡಲು ಸರಿಯಿದೆ ಎಂದರ್ಥ. ಒಂದು ಸಿಲಿಂಡರಿನಲ್ಲಿ ಮಾತ್ರ ಕಡಿಮೆ ಇದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್ ಕೆಲಸದಲ್ಲಿ ಮುಗಿಯುವ ಸಾಧ್ಯತೆ ಇದೆ. ಎಲ್ಲದರಲ್ಲಿಯೂ ಕಡಿಮೆ ಇದ್ದು ಎಂಜಿನ್ ಆಯಿಲ್ 1,000 ಕಿ.ಮೀ.ಗೆ ಒಂದು ಲೀಟರಿನಷ್ಟು ಕಡಿಮೆಯಾಗುತ್ತಿದ್ದರೆ ರಿಂಗು, ಪಿಸ್ಟನ್, ಬೋರ್ ಕೆಲಸದ ಸಮಯ ಬಂದಿದೆ.

ಹೊಗೆಯ ಬಣ್ಣವೂ ಬಹಳಷ್ಟನ್ನು ಹೇಳುತ್ತದೆ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದನ್ನು, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ರೇಡಿಯೇಟರ್ ನೀರು ಸಿಲಿಂಡರಿಗೆ ಇಳಿಯುತ್ತಿರುವುದನ್ನು, ಕಪ್ಪು ಹೊಗೆ ಇಂಧನ ಪೂರ್ತಿ ಉರಿಯದಿರುವುದನ್ನು ಸೂಚಿಸುತ್ತದೆ. ಜನರು ಹೆಚ್ಚು ಹೆದರುವುದು ಕಪ್ಪು ಹೊಗೆಗೆ. ವಾಸ್ತವದಲ್ಲಿ ಹಳೆಯ ಡೀಸೆಲ್ ವಾಹನಗಳಲ್ಲಿ ಅದು ಏರ್ ಫಿಲ್ಟರ್, ನಾಜಲ್ ಮತ್ತು ಪಂಪಿನ ಕೆಲಸದಿಂದ ಸರಿಹೋಗುವಂಥದ್ದು. ವಾಯು ಮಾಲಿನ್ಯ ತಪಾಸಣೆಯಲ್ಲಿ ಡೀಸೆಲ್ ಹೊಗೆಯ ಮಿತಿಯು ಭಾರತ್ ಹಂತ 4ಕ್ಕಿಂತ ಹಿಂದಿನ ವಾಹನಗಳಿಗೆ 65 ಹಾರ್ಟ್ರಿಜ್ ಮಾನ, ಹಂತ 4ರ ವಾಹನಗಳಿಗೆ 50. ಹಳೆಯ ವಾಹನಗಳು 6 ತಿಂಗಳಿಗೊಮ್ಮೆ, ಹಂತ 4 ಮತ್ತು ನಂತರದವು ವರ್ಷಕ್ಕೊಮ್ಮೆ ಈ ತಪಾಸಣಾ ಪತ್ರ ಪಡೆಯಬೇಕು.

ಯಾವ ಕಾಲದ ಎಂಜಿನ್ ಎಂಬುದು ದುರಸ್ತಿಯ ವೆಚ್ಚವನ್ನು ಬಹುವಾಗಿ ಬದಲಿಸುತ್ತದೆ. ಯಾಂತ್ರಿಕ ಪಂಪಿನ ಹಳೆಯ ಡೀಸೆಲ್ ಎಂಜಿನ್‌ಗಳನ್ನು ಸ್ಥಳೀಯ ಮೇಸ್ತ್ರಿಗಳೇ ಬಿಚ್ಚಿ ಕೂಡಿಸಬಲ್ಲರು. ಕಾಮನ್ ರೇಲ್ ಎಂಜಿನ್‌ಗಳ ಇಂಜೆಕ್ಟರುಗಳಿಗೆ ವಿಶೇಷ ಪರೀಕ್ಷಾ ಯಂತ್ರ ಬೇಕು. ಅದಕ್ಕಾಗಿ ಬೆಳಗಾವಿ ಅಥವಾ ಹುಬ್ಬಳ್ಳಿ–ಧಾರವಾಡಕ್ಕೆ ಹೋಗಬೇಕಾಗುವುದು. ನಾಲ್ಕು ಇಂಜೆಕ್ಟರುಗಳ ಬೆಲೆಯೇ ಕೆಲವೊಮ್ಮೆ ವಾಹನದ ಮಾರುಕಟ್ಟೆ ಬೆಲೆಯ ಗಣನೀಯ ಪಾಲಾಗುತ್ತದೆ. ಹೀಗಾಗಿ 20 ವರ್ಷದ ಜೀಪು ದುರಸ್ತಿಗೆ ಯೋಗ್ಯವಾಗಿದ್ದು, 12 ವರ್ಷದ ಡೀಸೆಲ್ ಕಾರು ಯೋಗ್ಯವಲ್ಲದಿರುವ ಸಂದರ್ಭಗಳಿವೆ.

ಬೋರ್ ಕೆಲಸಕ್ಕಿಂತ ಅಗ್ಗವೆಂದು ಗುಜರಿಯಿಂದ ಎಂಜಿನ್ ತಂದು ಕೂಡಿಸುವ ರೂಢಿಯೂ ಇದೆ. ಅಧಿನಿಯಮದ ಕಲಂ 52ರಂತೆ ಎಂಜಿನ್ ಬದಲಿಸಿದಾಗ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್.ಸಿ.ಯಲ್ಲಿ ಹೊಸ ಎಂಜಿನ್ ಸಂಖ್ಯೆಯನ್ನು ನಮೂದಿಸಿಕೊಳ್ಳುವುದು ಕಡ್ಡಾಯ. ಎಂಜಿನ್ ಯಾವ ವಾಹನದಿಂದ ಬಂತು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ ನಮೂದು ಆಗುವುದಿಲ್ಲ. ಅದು ಕಳವಾದ ವಾಹನದ್ದಾಗಿದ್ದರೆ ಪೊಲೀಸ್ ವಿಚಾರಣೆಯನ್ನು ಎದುರಿಸಬೇಕಾದವರು ಈಗಿನ ಮಾಲೀಕರೇ. ಬಿಲ್ ಇಲ್ಲದ ಎಂಜಿನ್ ಎಷ್ಟೇ ಅಗ್ಗವಾದರೂ ಕೊಳ್ಳತಕ್ಕದ್ದಲ್ಲ.

ಟ್ರ್ಯಾಕ್ಟರ್ ಮತ್ತು ಟ್ರೇಲರ್

ಕೃಷಿ ಬಳಕೆಯ ಟ್ರ್ಯಾಕ್ಟರ್ ಸಾರಿಗೇತರ ವಾಹನವಾಗಿದ್ದು ಅದಕ್ಕೂ 15 ವರ್ಷಗಳ ನಂತರ ನವೀಕರಣ ಬೇಕು. ಇಲ್ಲಿ ಕಿಲೋಮೀಟರಿನ ಬದಲು ಗಂಟೆಗಳ ಲೆಕ್ಕ. ಹಳೆಯ ಮಾದರಿಗಳ ಗಂಟೆ ಮೀಟರು ಗಡಿಯಾರದಂತೆ ನಡೆಯದೆ ಎಂಜಿನ್‌ನ ವೇಗಕ್ಕೆ ಹೊಂದಿಕೊಂಡು ನಡೆಯುತ್ತದೆ. ನಿಧಾನವಾಗಿ ಓಡಿಸಿದ ಟ್ರ್ಯಾಕ್ಟರಿನಲ್ಲಿ ಅದು ನೈಜ ಗಂಟೆಗಳಿಗಿಂತ ಕಡಿಮೆ ತೋರಿಸುತ್ತದೆ. ಟ್ರ್ಯಾಕ್ಟರಿನ ಎಂಜಿನ್ ಬಿಡಿಸಿ ಕೂಡಿಸುವುದಕ್ಕೆಂದೇ ರೂಪಿಸಿದ್ದು, ಲೈನರು ಮತ್ತು ಪಿಸ್ಟನ್ ಬದಲಿಸಿದರೆ ಪುನಃ ದೀರ್ಘಕಾಲ ದುಡಿಯುತ್ತದೆ. ಎಂಜಿನ್ ದುರಸ್ತಿ ಒಂದೇ ಕಾರಣಕ್ಕೆ ಟ್ರ್ಯಾಕ್ಟರ್ ಬದಲಿಸುವುದು ವಿರಳವಾಗಿ ಲಾಭದಾಯಕ.

ಕಬ್ಬು ಸಾಗಿಸುವವರು ನೋಡಬೇಕಾದದ್ದು ಬ್ರೇಕು, ಹಿಂದಿನ ಆಕ್ಸಲ್, ಕೊಂಡಿ ಮತ್ತು ಟ್ರೇಲರಿನ ಚಾಸಿ. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಇರುತ್ತದೆ ಎಂಬುದನ್ನು ಮರೆತು ಟ್ರ್ಯಾಕ್ಟರಿನದನ್ನು ಮಾತ್ರ ನವೀಕರಿಸುವುದು ಸಾಮಾನ್ಯ ಲೋಪ. ಹೆದ್ದಾರಿಯನ್ನು ದಾಟಿ ಕಾರ್ಖಾನೆಗೆ ಹೋಗುವ ಟ್ರೇಲರಿನ ಹಿಂಬದಿಯಲ್ಲಿ ದೀಪ ಮತ್ತು ಪ್ರತಿಫಲಕ ಪಟ್ಟಿ ಇಲ್ಲದಿದ್ದರೆ, ರಾತ್ರಿ ವೇಗವಾಗಿ ಬರುವ ಕಾರಿನ ಚಾಲಕರಿಗೆ ಅದು ಕಾಣುವುದು ಹತ್ತಿರ ಬಂದ ಮೇಲೆಯೇ. ದುರಸ್ತಿಗೆ ಇರುವ ಹಣ ಕಡಿಮೆಯಿದ್ದರೆ ಅದು ಮೊದಲು ವ್ಯಯವಾಗಬೇಕಾದದ್ದು ಇಲ್ಲಿ, ಎಂಜಿನ್‌ಗೆ ಅಲ್ಲ. ಹಂಗಾಮು ಆರಂಭವಾಗುವ ಮುನ್ನ, ಮಳೆಗಾಲದ ಬಿಡುವಿನಲ್ಲಿ ಈ ಕೆಲಸ ಮಾಡಿಸುವುದು ಸೂಕ್ತ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ, ಟ್ರ್ಯಾಕ್ಟರಿನ ಟೈರು ಮತ್ತು ಬಿಡಿಭಾಗಗಳದ್ದು ಶೇ. 18ರಿಂದ 5ಕ್ಕೆ ಇಳಿದಿರುವುದರಿಂದ ಹಳೆಯ ಅಂದಾಜು ಪಟ್ಟಿಗಳನ್ನು ಹೊಸದಾಗಿ ಬರೆಸಿಕೊಳ್ಳತಕ್ಕದ್ದು.

ಲೆಕ್ಕ ಹಾಕುವ ರೀತಿ

ದುರಸ್ತಿಯ ಮೊತ್ತವನ್ನು ಹಳೆಯ ವಾಹನದ ಮಾರಾಟ ಬೆಲೆಯೊಂದಿಗೆ ಹೋಲಿಸುವುದು ರೂಢಿ. "ಗಾಡಿಯ ಬೆಲೆಯೇ 80,000, ಅದಕ್ಕೆ 60,000 ಹಾಕುವುದೇ?" ಎಂಬ ಮಾತು ಕೇಳಲು ಸರಿಯೆನಿಸಿದರೂ ದಾರಿ ತಪ್ಪಿಸುತ್ತದೆ. ಹೋಲಿಸಬೇಕಾದದ್ದು ಮುಂದಿನ ವರ್ಷಗಳಲ್ಲಿ ಹಳೆಯ ವಾಹನಕ್ಕೆ ವರ್ಷಕ್ಕೆ ತಗಲುವ ವೆಚ್ಚವನ್ನು ಹೊಸ ವಾಹನಕ್ಕೆ ವರ್ಷಕ್ಕೆ ತಗಲುವ ವೆಚ್ಚದೊಂದಿಗೆ. ವಿವರಣೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ಇಲ್ಲಿ ಕೊಡಲಾಗಿದೆ.

ಎಂ.ಕೆ. ಹುಬ್ಬಳ್ಳಿಯ ಮಾಲೀಕರೊಬ್ಬರ 15 ವರ್ಷದ ಪೆಟ್ರೋಲ್ ಕಾರಿಗೆ 60,000 ರೂಪಾಯಿ ದುರಸ್ತಿ ಬೇಕಿದ್ದು, ಅನಂತರ 3 ವರ್ಷ ದೊಡ್ಡ ವೆಚ್ಚ ಬಾರದು ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ 20,000 ರೂ., ಜೊತೆಗೆ 5 ವರ್ಷಗಳ ನವೀಕರಣ ಶುಲ್ಕದ ಪಾಲು 1,000 ರೂ., ಒಟ್ಟು 21,000. ಇದರ ಬದಲು 6 ಲಕ್ಷದ ಹೊಸ ಕಾರು ಕೊಂಡರೆ 5 ವರ್ಷದಲ್ಲಿ ಅದರ ಬೆಲೆ ವಿಮೆಯ ಸವಕಳಿ ಪಟ್ಟಿಯಂತೆ ಅರ್ಧಕ್ಕೆ ಇಳಿಯುತ್ತದೆ. ಅಂದರೆ ವರ್ಷಕ್ಕೆ 60,000 ರೂ. ರಾಜ್ಯದಲ್ಲಿ ಜೀವಾವಧಿ ತೆರಿಗೆಯ ದರ 5 ಲಕ್ಷದವರೆಗಿನ ಕಾರಿಗೆ ಶೇ. 13, 10 ಲಕ್ಷದವರೆಗೆ ಶೇ. 14, 20 ಲಕ್ಷದವರೆಗೆ ಶೇ. 17, ಅದಕ್ಕೂ ಮೇಲ್ಪಟ್ಟು ಶೇ. 18 ಇದ್ದು, ಅದರ ಮೇಲೆ ಉಪಕರವಿದೆ. 6 ಲಕ್ಷಕ್ಕೆ ಶೇ. 14ರಂತೆ 84,000 ರೂ.; 5 ವರ್ಷಕ್ಕೆ ಹಂಚಿದರೆ 16,800. ಸಾಲದ ಬಡ್ಡಿ, ಉಪಕರ, ಪೂರ್ಣ ವಿಮೆಗಳನ್ನು ಬಿಟ್ಟರೂ ಹೊಸ ಕಾರಿನ ವಾರ್ಷಿಕ ವೆಚ್ಚ 76,800. ವ್ಯತ್ಯಾಸ 55,800 ರೂಪಾಯಿ.

ಹೊಸ ಕಾರು ಕಡಿಮೆ ಪೆಟ್ರೋಲ್ ಕುಡಿಯುತ್ತದೆ ಎಂಬುದು ನಿಜ. ಹಳೆಯದು ಲೀಟರಿಗೆ 14, ಹೊಸದು 18 ಕಿ.ಮೀ. ಕೊಡುತ್ತದೆ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದು ಎಣಿಸೋಣ. ಬೈಲಹೊಂಗಲ ಸಂತೆಗೆ, ಬೆಳಗಾವಿ ಆಸ್ಪತ್ರೆಗೆ, ಯಲ್ಲಮ್ಮನ ಗುಡ್ಡಕ್ಕೆ ಎಂದು ತಿಂಗಳಿಗೆ 600 ಕಿ.ಮೀ. ಓಡುವವರಿಗೆ ವರ್ಷಕ್ಕೆ ಉಳಿಯುವುದು ಸುಮಾರು 11,400 ರೂಪಾಯಿ ಮಾತ್ರ. ಅವರಿಗೆ ದುರಸ್ತಿಯೇ ಸರಿ. ಆದರೆ ನಿತ್ಯ ಬೆಳಗಾವಿಗೆ ಹೋಗಿಬಂದು ತಿಂಗಳಿಗೆ 2,500 ಕಿ.ಮೀ. ಓಡುವವರಿಗೆ ಉಳಿತಾಯ ಸುಮಾರು 47,600 ರೂಪಾಯಿ. ಅಷ್ಟು ಓಡುವವರ ದುರಸ್ತಿ 3 ವರ್ಷ ಬಾಳುವುದೂ ಇಲ್ಲ. ಒಂದೂವರೆ ವರ್ಷವೆಂದು ಹಿಡಿದರೆ ಹಳೆಯ ಕಾರಿನ ವೆಚ್ಚ 41,000ಕ್ಕೆ ಏರಿ ವ್ಯತ್ಯಾಸ 35,800ಕ್ಕೆ ಇಳಿಯುತ್ತದೆ. ಇಂಧನದ ಉಳಿತಾಯ ಅದನ್ನು ಮೀರುವುದರಿಂದ ಅಂಥವರಿಗೆ ಬದಲಾವಣೆ ಪರಿಗಣಿಸಲು ಯೋಗ್ಯ. ಹಳೆಯ ವಾಹನ ಎಷ್ಟು ಓಡಿದೆ ಎಂಬುದಕ್ಕಿಂತ ಮುಂದೆ ಎಷ್ಟು ಓಡಲಿದೆ ಎಂಬುದೇ ಇಲ್ಲಿ ತೂಕದ ವಿಷಯ.

ಹಣದ ಲೆಕ್ಕಕ್ಕೆ ಸಿಗದ ಒಂದು ಮಾತೂ ಇದೆ. ಹೆರಿಗೆಗೋ ಹೃದಯದ ತೊಂದರೆಗೋ ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಲು ಮನೆಯಲ್ಲಿ ಅದೊಂದೇ ವಾಹನವಿದ್ದರೆ, ಅದು ಮೇಲಿಂದ ಮೇಲೆ ನಿಲ್ಲುತ್ತಿದ್ದರೆ, ಲೆಕ್ಕ ಏನೇ ಹೇಳಲಿ ಅದನ್ನು ನೆಚ್ಚಿಕೊಳ್ಳುವುದು ಸೂಕ್ತವಲ್ಲ.

ವಿಮೆಯಿಂದ ದುರಸ್ತಿಯ ಹಣ ಬರುತ್ತದೆಂದು ನಂಬಿ ಕೂರುವವರಿಗೆ: ಸವೆತದಿಂದಾದ ಹಾನಿಗೆ ವಿಮೆ ಇಲ್ಲ. ಅಪಘಾತದ ದುರಸ್ತಿ ವೆಚ್ಚ ವಾಹನದ ಘೋಷಿತ ಮೌಲ್ಯದ ಶೇ. 75ನ್ನು ಮೀರಿದರೆ ವಿಮಾ ಕಂಪನಿ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತದೆ. ಹಳೆಯ ವಾಹನದ ಘೋಷಿತ ಮೌಲ್ಯ ಕಡಿಮೆ ಇರುವುದರಿಂದ ಸಾಧಾರಣ ಅಪಘಾತವೂ ಈ ಮಿತಿಯನ್ನು ದಾಟಬಹುದು. ಮೂರನೆಯವರ ವಿಮೆಯಾದರೋ ವಾಹನ ಎಷ್ಟೇ ಹಳೆಯದಿದ್ದರೂ ಕಡ್ಡಾಯ.

ಬದಲಿಸುವುದಾದರೆ: ಹಳೆಯದನ್ನು ಏನು ಮಾಡುವುದು

ಮಾರಾಟ ಮಾಡುವವರು ನಮೂನೆ 29 ಮತ್ತು 30ರೊಂದಿಗೆ ವರ್ಗಾವಣೆಯನ್ನು ಪೂರ್ಣಗೊಳಿಸತಕ್ಕದ್ದು. ಕಲಂ 50ರಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ತಿಳಿಸಬೇಕು. ಸಹಿ ಮಾಡಿದ ಖಾಲಿ ನಮೂನೆಗಳನ್ನು ದಲ್ಲಾಳಿಯ ಕೈಗೆ ಕೊಟ್ಟು ಹಣ ಎಣಿಸಿಕೊಂಡು ಬರುವುದು ಅತ್ಯಂತ ಅಪಾಯಕಾರಿ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ, ವಾಹನ ಹಲವು ಕೈ ಬದಲಾಗಿದ್ದರೂ ಅಪಘಾತದ ದಿನ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ತೀರ್ಪು ನೀಡಿತು. ವಿಮೆಯಿಲ್ಲದ ಹಳೆಯ ವಾಹನ ಯಾರನ್ನಾದರೂ ಹಾಯ್ದರೆ, ಅದನ್ನು 40,000 ರೂಪಾಯಿಗೆ ಮಾರಿ ಮರೆತವರ ಹೊಲದ ಮೇಲೆ ಪರಿಹಾರದ ಹೊರೆ ಬೀಳಬಹುದು.

ಗುಜರಿಗೆ ಹಾಕುವುದಾದರೆ ಸಂತೆಪೇಟೆಯ ಹಳೆ ಕಬ್ಬಿಣದ ಅಂಗಡಿಗೆ ಕೊಟ್ಟರೆ ವಾಹನ ಹೋಗುತ್ತದೆ, ನೋಂದಣಿ ಉಳಿಯುತ್ತದೆ. ಅದರ ಚಾಸಿ ಸಂಖ್ಯೆ ಮತ್ತು ಆರ್.ಸಿ. ಕಳವಿನ ವಾಹನಕ್ಕೆ ಬಳಕೆಯಾಗುವ ಸಂಭವವೂ ಇದೆ. 2021ರ ಸೆಪ್ಟೆಂಬರ್‌ನ ನಿಯಮಗಳಡಿ ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ಪರಿವಾಹನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿ ವಾಹನ ಒಪ್ಪಿಸಿದರೆ ಠೇವಣಿ ಪ್ರಮಾಣಪತ್ರ ದೊರೆಯುತ್ತದೆ. ಆ ಪತ್ರ ಹಾಜರುಪಡಿಸಿದರೆ ಹೊಸ ವಾಹನದ ನೋಂದಣಿ ಶುಲ್ಕಕ್ಕೆ ವಿನಾಯಿತಿ ಇದೆ. ಹೊಸ ವಾಹನದ ತೆರಿಗೆಯಲ್ಲಿ ಸಾರಿಗೇತರ ವಾಹನಕ್ಕೆ ಶೇ. 25ರವರೆಗೆ, ಸಾರಿಗೆ ವಾಹನಕ್ಕೆ ಶೇ. 15ರವರೆಗೆ ರಿಯಾಯಿತಿ ನೀಡಲು ಕೇಂದ್ರ ನಿಯಮ ಅವಕಾಶ ಕಲ್ಪಿಸಿದೆ. ರಾಜ್ಯದಲ್ಲಿ ತಮ್ಮ ವಾಹನಕ್ಕೆ ಸಿಗುವ ಮೊತ್ತವೆಷ್ಟು ಎಂಬುದನ್ನು ಹೊಸ ವಾಹನ ಬುಕ್ ಮಾಡುವ ಮುನ್ನವೇ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ವಾಹನದ ಗುಜರಿ ಮೌಲ್ಯವು ಹೊಸ ವಾಹನದ ಷೋರೂಂ ಬೆಲೆಯ ಶೇ. 4ರಿಂದ 6ರಷ್ಟು ಇರಬಹುದೆಂದು 2021ರಲ್ಲಿ ಪ್ರಕಟವಾದ ನೀತಿ ಅಂದಾಜಿಸಿತ್ತು. ಓಡುವ ಸ್ಥಿತಿಯಲ್ಲಿರುವ ವಾಹನಕ್ಕೆ ಮಾರಾಟದಲ್ಲಿ ಇದಕ್ಕಿಂತ ಹೆಚ್ಚು ಬರುವುದುಂಟು. ಚಾಸಿ ಕೊಳೆತ ವಾಹನವನ್ನು ಮಾತ್ರ ಇನ್ನೊಬ್ಬರಿಗೆ ದಾಟಿಸದೆ ಗುಜರಿಗೇ ಕೊಡುವುದು ಯುಕ್ತ.

ಬದಲಿಗೆ ಹಳೆಯ ವಾಹನವನ್ನೇ ಕೊಳ್ಳುವವರಿಗೆ ಕೊಲ್ಲಾಪುರ ಮತ್ತು ಗೋವಾ ಹತ್ತಿರವಿರುವುದರಿಂದ ಅಲ್ಲಿನ ವಾಹನಗಳು ಅಗ್ಗವಾಗಿ ಕಾಣುತ್ತವೆ. ಅಂಥ ವಾಹನಕ್ಕೆ ಅಲ್ಲಿನ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ, ಇಲ್ಲಿ ನಮೂನೆ 27ರಲ್ಲಿ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಮತ್ತು ವಾಹನದ ವಯಸ್ಸಿಗೆ ತಕ್ಕ ಕರ್ನಾಟಕದ ಜೀವಾವಧಿ ತೆರಿಗೆ ಬೇಕು. ಇವುಗಳನ್ನು ಕೂಡಿಸಿದ ಮೇಲೆ ಉಳಿಯುವ ಅಗ್ಗತನವೇ ನಿಜವಾದದ್ದು.

ಅರ್ಜಿ ಸಲ್ಲಿಸುವ ಬಗ್ಗೆ

ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ, ಅವಧಿ ಮುಗಿಯುವ 60 ದಿನಗಳ ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ದಾಖಲೆ ಮತ್ತು ಚಾಸಿಯ ಪರಿಶೀಲನೆಯನ್ನು ಆ 60 ದಿನಗಳಿಗೆ ಮುಂಚೆಯೇ ಮುಗಿಸಿಕೊಂಡರೆ ದುರಸ್ತಿಗೆ ಕಾಲಾವಕಾಶ ಸಿಗುತ್ತದೆ. ಅರ್ಜಿಯೊಂದಿಗೆ ಮೂಲ ಆರ್.ಸಿ., ಚಾಲ್ತಿಯಲ್ಲಿರುವ ವಿಮೆ ಮತ್ತು ವಾಯು ಮಾಲಿನ್ಯ ತಪಾಸಣಾ ಪತ್ರ, ತೆರಿಗೆ ಪಾವತಿಯ ವಿವರಗಳಿರಬೇಕು; ನಿಗದಿತ ದಿನ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕು. ಬ್ರೇಕು, ದೀಪಗಳು, ಸ್ಟಿಯರಿಂಗ್, ಹಾರ್ನು, ವೈಪರು ಕೆಲಸ ಮಾಡುತ್ತಿರಬೇಕು. ಕಾರಿನ ಟೈರಿನ ಹಲ್ಲುಗಳ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ವಾಹನ ತೊಳೆದು, ಚಾಸಿ ಸಂಖ್ಯೆ ಇರುವ ಜಾಗದ ಗ್ರೀಸು ಒರೆಸಿ ತಂದರೆ ನಿರೀಕ್ಷಕರ ಕೆಲಸವೂ ಮಾಲೀಕರ ಕಾಯುವಿಕೆಯೂ ಕಡಿಮೆಯಾಗುತ್ತದೆ.

ಕೆಎ-24 ಸರಣಿಯ ವಾಹನಗಳ ಮಾಲೀಕರು ಬೈಲಹೊಂಗಲದ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ಬೇರೆ ಸರಣಿಯ ವಾಹನವಿದ್ದು ಈಗ ಈ ಭಾಗದಲ್ಲಿ ವಾಸವಿರುವವರು ವಿಳಾಸ ಬದಲಾವಣೆಗೆ ನಮೂನೆ 33ರಲ್ಲಿ ಮೊದಲು ಅರ್ಜಿ ಸಲ್ಲಿಸತಕ್ಕದ್ದು. ಸಂಪೂರ್ಣ ನಾಶವಾದ ಅಥವಾ ಮತ್ತೆ ಬಳಸಲಾಗದ ವಾಹನದ ಬಗ್ಗೆ ಕಲಂ 55ರಂತೆ 14 ದಿನಗಳೊಳಗೆ ಲಿಖಿತವಾಗಿ ತಿಳಿಸಿ, ಮೂಲ ಆರ್.ಸಿ. ಒಪ್ಪಿಸಿ, ನೋಂದಣಿ ರದ್ದಾದ ಬಗ್ಗೆ ಹಿಂಬರಹ ಪಡೆದುಕೊಳ್ಳತಕ್ಕದ್ದು.